ಕಾನ್ವಿ ಕೋಟೆ ನೋಡಲು ಹೋಗುವವರು ಲಾನ್‌ರೂಸ್ಟ್‌ನಲ್ಲಿ ತಂಗಬಹುದೇ?

ಮ್ಯಾಂಚೆಸ್ಟರ್‌ನ ಮಗಳ ಮನೆಗೆ ಬರುತ್ತಿರುವುದಾಗಿಯೂ, ಉತ್ತರ ವೇಲ್ಸ್‌ಗೆಂದು ಮೂರು ದಿನ ಬಿಡುವು ಮಾಡಿಕೊಂಡಿರುವುದಾಗಿಯೂ, ಕೋಟೆ ಮತ್ತು ಸ್ನೋಡನ್ ಬೆಟ್ಟ ಎರಡನ್ನೂ ನೋಡಲು ಕಾನ್ವಿಯಲ್ಲಿ ತಂಗುವುದೋ ಅಥವಾ ಲಾನ್‌ರೂಸ್ಟ್ ಎಂಬ ಹಳೆಯ ಸಂತೆಯ ಊರಿನಲ್ಲೋ ಎಂದೂ ಕೇಳಿದ್ದೀರಿ. ನಿಮ್ಮ ವಯಸ್ಸಿನವರೇ ಆದ ನನ್ನ ತಂದೆತಾಯಿಯನ್ನು ಇದೇ ಊರುಗಳಿಗೆ ಕರೆದುಕೊಂಡು ಹೋಗಿದ್ದ ಅನುಭವದಿಂದ ಹೇಳುವುದಾದರೆ, ಲಾನ್‌ರೂಸ್ಟ್‌ನಲ್ಲಿ ತಂಗಿ, ಕಾನ್ವಿಗೆ ಒಂದು ಹಗಲು ಹೋಗಿಬನ್ನಿ. ಬಾಡಿಗೆ ಕಡಿಮೆ ಎಂದು ಈ ಮಾತು ಹೇಳುತ್ತಿಲ್ಲ. ಕಾನ್ವಿ ಕೋಟೆ ಏನನ್ನೆಲ್ಲ ಹೊರಗಟ್ಟಿತೋ ಅದು ಬಂದು ಸೇರಿದ್ದು ಲಾನ್‌ರೂಸ್ಟ್‌ಗೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಕಥೆಯ ಅರ್ಧ ಮಾತ್ರ ಸಿಗುತ್ತದೆ.

ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ದೊರೆ 1283ರಲ್ಲಿ ವೇಲ್ಸನ್ನು ಗೆದ್ದು, ಕಾನ್ವಿ ನದಿ ಸಮುದ್ರವನ್ನು ಸೇರುವ ಕಡೆ ಎಂಟು ಬುರುಜುಗಳ ಕೋಟೆಯನ್ನೂ, ಅದಕ್ಕೆ ಹೊಂದಿಕೊಂಡಂತೆ ಇಡೀ ಊರನ್ನು ಸುತ್ತುವರಿಯುವ ಸುಮಾರು 1.3 ಕಿಲೋಮೀಟರ್ ಉದ್ದದ ಗೋಡೆಯನ್ನೂ ಕಟ್ಟಿಸಿದನು. ಗೋಡೆಯೊಳಗೆ ನೆಲೆಗೊಳಿಸಿದ್ದು ಇಂಗ್ಲಿಷರನ್ನು. ಕಾನ್ವಿಯ ಸುತ್ತ ಹತ್ತು ಮೈಲಿಯೊಳಗೆ ವೆಲ್ಷ್ ಜನರು ವ್ಯಾಪಾರ ಮಾಡಬಾರದೆಂಬ ನಿರ್ಬಂಧವನ್ನೂ ಆತ ಹೇರಿದನು. ಲಾನ್‌ರೂಸ್ಟ್ ಅಲ್ಲಿಂದ ಹದಿಮೂರು ಮೈಲಿ, ಅಂದರೆ ಸುಮಾರು 21 ಕಿಲೋಮೀಟರ್ ದೂರದಲ್ಲಿದೆ. ನಿಷೇಧದ ಗೆರೆಯಿಂದ ಮೂರೇ ಮೈಲಿ ಆಚೆಗಿದ್ದ ಈ ಊರಿನಲ್ಲಿ ಉಣ್ಣೆಯ ವ್ಯಾಪಾರ ಕುದುರಿತು, ಸಂತೆ ಬೆಳೆಯಿತು. ಇಂದಿಗೂ ಊರಿನವರು ‘ವೇಲ್ಸ್, ಇಂಗ್ಲೆಂಡ್ ಮತ್ತು ಲಾನ್‌ರೂಸ್ಟ್’ ಎಂದು ತಮ್ಮ ಊರನ್ನು ಎರಡು ದೇಶಗಳ ಸಾಲಿನಲ್ಲಿ ನಿಲ್ಲಿಸಿ ಹೇಳಿಕೊಳ್ಳುತ್ತಾರೆ.

ವ್ಯಾಪಾರದಂತೆಯೇ ಒಬ್ಬ ಅರಸನ ಶವಪೆಟ್ಟಿಗೆಯೂ ಕಾನ್ವಿಯನ್ನು ಬಿಟ್ಟು ಬಂದಿದೆ. ವೇಲ್ಸ್‌ನ ಬಹುಭಾಗವನ್ನು ತನ್ನ ಅಂಕೆಯಲ್ಲಿ ಇಟ್ಟುಕೊಂಡಿದ್ದ ಉತ್ತರ ವೇಲ್ಸ್‌ನ ಗ್ವಿನೆಡ್ ಸಂಸ್ಥಾನದ ದೊರೆ ಲಿವೆಲಿನ್ 1240ರಲ್ಲಿ ತೀರಿಕೊಂಡಾಗ, ಕಾನ್ವಿಯಲ್ಲಿ ಅವನೇ ಆಶ್ರಯ ಕೊಟ್ಟಿದ್ದ ಕ್ರೈಸ್ತ ಮಠದಲ್ಲಿ ಅವನನ್ನು ಸಮಾಧಿ ಮಾಡಿದ್ದರು. ಎಡ್ವರ್ಡ್‌ಗೆ ಕೋಟೆ ಕಟ್ಟಲು ಆ ಜಾಗವೇ ಬೇಕಾಯಿತು. ಸನ್ಯಾಸಿಗಳನ್ನು ಲಾನ್‌ರೂಸ್ಟ್ ಸಮೀಪದ ಮೈನನ್‌ಗೆ ಸಾಗಹಾಕಿದಾಗ ಶವಪೆಟ್ಟಿಗೆಯೂ ಅವರೊಂದಿಗೆ ಹೋಯಿತು. 16ನೆಯ ಶತಮಾನದಲ್ಲಿ ಆ ಮಠವನ್ನೂ ಮುಚ್ಚಿದ ಬಳಿಕ ಅದು ಲಾನ್‌ರೂಸ್ಟ್‌ನ ಸಂತ ಗ್ರೂಸ್ಟ್ ಚರ್ಚಿಗೆ ಬಂತು. ಚರ್ಚಿಗೆ ಸೇರಿಸಿ ಕಟ್ಟಿದ ಸಣ್ಣ ಪ್ರಾರ್ಥನಾಲಯದ ನೆಲದ ಮೇಲೆ ಅದು ಈಗಲೂ ಇದೆ: ಮುಚ್ಚಳವಿಲ್ಲದ, ಒಳಗೆ ಏನೂ ಇಲ್ಲದ ಕಲ್ಲಿನ ತೊಟ್ಟಿ. ನನ್ನ ತಂದೆಯವರು ಕಾನ್ವಿಯ ಎಂಟು ಬುರುಜುಗಳ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಅದರ ಮುಂದೆ ನಿಂತಿದ್ದರು.

ಚರ್ಚಿನಿಂದ ಕೆಲವೇ ಹೆಜ್ಜೆ ನಡೆದರೆ ಮೂರು ಕಮಾನುಗಳ ಪಾಂಟ್ ವಾರ್ ಸೇತುವೆ ಸಿಗುತ್ತದೆ. 1636ರಲ್ಲಿ ಕಟ್ಟಿದ ಈ ಸೇತುವೆಯ ನಡುಭಾಗ ಗೂನುಬೆನ್ನಿನಂತೆ ಎದ್ದಿರುವುದರಿಂದ ಆಚೆಯಿಂದ ಬರುವ ವಾಹನ ಈಚೆಯವರಿಗೆ ಕಾಣುವುದಿಲ್ಲ; ಒಮ್ಮೆಗೆ ಒಂದೇ ವಾಹನ ದಾಟಬಲ್ಲದಾದ್ದರಿಂದ ಅಳಿಯಂದಿರು ಕಾರು ಓಡಿಸುವುದಾದರೆ ಈ ವಿಷಯವನ್ನು ಮೊದಲೇ ತಿಳಿಸಿ. ಸೇತುವೆಯ ಆಚೆ ಗ್ವಿಡಿರ್ ‘ಕ್ಯಾಸಲ್’ ಇದೆ. ಹೆಸರು ಕೋಟೆಯದಾದರೂ ಅದು ಒಂದು ಸಿರಿವಂತ ಮನೆತನದ ವಾಡೆ. ಅದರ ಊಟದ ಕೋಣೆಯ ಮರದ ಕೆತ್ತನೆಯ ಹಲಗೆಗಳನ್ನೆಲ್ಲ ಅಮೆರಿಕದ ಪತ್ರಿಕೋದ್ಯಮಿ ಹರ್ಸ್ಟ್ 1921ರಲ್ಲಿ ಕೊಂಡೊಯ್ದಿದ್ದರು. ನ್ಯೂಯಾರ್ಕ್‌ನ ಮ್ಯೂಸಿಯಂ ಒಂದರ ಉಗ್ರಾಣದಲ್ಲಿ ಉಳಿದಿದ್ದ ಆ ಹಲಗೆಗಳು 1996ರಲ್ಲಿ ಅದೇ ಕೋಣೆಗೆ ಮರಳಿದವು. ಈಗಲೂ ಜನ ವಾಸವಿರುವ ಮನೆಯಾದ್ದರಿಂದ ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೋಗಬೇಕು.

ಮೊಣಕಾಲು ನೋವಿನ ಬಗ್ಗೆ ಬರೆದಿದ್ದೀರಿ. ಕಾನ್ವಿಯ ಬುರುಜುಗಳೊಳಗಿನ ಸುರುಳಿ ಮೆಟ್ಟಿಲುಗಳು ಇಕ್ಕಟ್ಟಾಗಿವೆ, ಸವೆದಿವೆ. ನನ್ನ ತಾಯಿ ಒಂದನ್ನು ಹತ್ತಿ, ಉಳಿದವನ್ನು ಕೆಳಗಿನಿಂದಲೇ ನೋಡಿ ತೃಪ್ತರಾದರು. ಲಿವೆಲಿನ್ ತಾನೇ ಕಟ್ಟಿಸಿದ ಡಾಲ್‌ವಿದೆಲನ್ ಕೋಟೆ ಕಾನ್ವಿ ಕಣಿವೆಯನ್ನು ಬಂದು ಸೇರುವ ಲೆಡರ್ ಕಣಿವೆಯಲ್ಲಿ, ಒಂದು ಗುಡ್ಡದ ಮೇಲಿದೆ. ಆ ಏರು ಕಷ್ಟವೆನಿಸಿದರೆ ರಸ್ತೆಯಿಂದಲೂ ಅದರ ಚೌಕದ ಬುರುಜು ಚೆನ್ನಾಗಿ ಕಾಣುತ್ತದೆ. 1085 ಮೀಟರ್ ಎತ್ತರದ ಸ್ನೋಡನ್ ಬೆಟ್ಟವನ್ನು, ಅಂದರೆ ವೆಲ್ಷ್ ಭಾಷೆಯ ಎರ್ ವಿದ್‌ವಾವನ್ನು, ಹತ್ತಲೇಬೇಕಿಲ್ಲ. ಲಾನ್‌ಬೆರಿಸ್‌ನಿಂದ 1896ರಲ್ಲಿ ಆರಂಭವಾದ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ ರೈಲಿದೆ. ಟಿಕೆಟ್ಟನ್ನು ಮುಂಚಿತವಾಗಿ ಕಾಯ್ದಿರಿಸಿ, ಆದರೆ ಗಾಳಿ ಜೋರಾದರೆ ಅದು ತುದಿಯವರೆಗೆ ಹೋಗುವುದಿಲ್ಲ ಎಂಬುದಕ್ಕೆ ಸಿದ್ಧರಾಗಿರಿ. ಮಳೆಯಂತೂ ಯಾವ ತಿಂಗಳಲ್ಲಾದರೂ ಬರಬಹುದು. ಗಾಳಿಗೆ ಕೊಡೆ ನಿಲ್ಲದು, ಟೊಪ್ಪಿಗೆಯಿರುವ ಮಳೆಕೋಟೇ ಬೇಕು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆ. ‘ಗ್ಲಮಾರ್ಗನ್ ಸಾಸೇಜ್’ ಎಂಬುದು ಹೆಸರಿಗೆ ಸಾಸೇಜ್ ಆದರೂ ಚೀಸ್, ಲೀಕ್ ಸೊಪ್ಪು ಮತ್ತು ಬ್ರೆಡ್ಡಿನ ಪುಡಿಯಿಂದ ಮಾಡಿದ್ದು, ಕಟ್ಟುವುದಕ್ಕೆ ಮೊಟ್ಟೆ ಹಾಕುವುದುಂಟು. ಕಾವಲಿಯ ಮೇಲೆ ಬೇಯಿಸುವ ‘ವೆಲ್ಷ್ ಕೇಕ್’ ನೋಡಲು ನಿರುಪದ್ರವಿಯಾದರೂ ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಯ ಕೊಬ್ಬನ್ನು ಸೇರಿಸುತ್ತಾರೆ; ಬೆಣ್ಣೆಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಅಂಗಡಿಗಳಲ್ಲಿ ಊರಿನವರು ತಮ್ಮೊಳಗೆ ಮಾತನಾಡುವುದು ವೆಲ್ಷ್ ಭಾಷೆಯಲ್ಲಿ. ಊರಿನ ಹೆಸರಿನ ಮೊದಲ ಅಕ್ಷರ ನಮ್ಮ ಲಕಾರವಲ್ಲ: ನಾಲಿಗೆಯನ್ನು ‘ಲ’ ಹೇಳುವಂತೆ ಇಟ್ಟು, ಧ್ವನಿ ಹೊರಡಿಸದೆ, ಎರಡೂ ಬದಿಯಿಂದ ಉಸಿರನ್ನು ಮಾತ್ರ ಬಿಡಬೇಕು. ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಕಾರಿಲ್ಲದೆ ಬರುವುದಾದರೆ ಮ್ಯಾಂಚೆಸ್ಟರ್‌ನಿಂದ ಲಾಂಡಡ್ನೊ ಜಂಕ್ಷನ್‌ಗೆ ರೈಲಿನಲ್ಲಿ ಬಂದು, ಅಲ್ಲಿ ಕಾನ್ವಿ ಕಣಿವೆಯ ಪುಟ್ಟ ರೈಲನ್ನು ಹಿಡಿಯಿರಿ. ನದಿಯ ಪಕ್ಕದಲ್ಲೇ ಸಾಗುವ ಈ ಹಾದಿ ಪ್ರವಾಹ ಬಂದಾಗ ಮುಚ್ಚುವುದುಂಟು. 2019ರ ಪ್ರವಾಹದ ಬಳಿಕ ತಿಂಗಳುಗಟ್ಟಲೆ ಮುಚ್ಚಿತ್ತು. ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ, ಕಾನ್ವಿಗೆ ಹೋಗುವ ದಿನ ಹಿಂದಿರುಗುವ ರೈಲಿನ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಒಂದು ತಪ್ಪಿದರೆ ಮುಂದಿನದಕ್ಕೆ ಎರಡು ಮೂರು ಗಂಟೆ ಕಾಯಬೇಕಾಗುತ್ತದೆ.