ಸಿ ಭಾಷೆ: ಬಳಕೆದಾರರು ಟೈಪ್ ಮಾಡಿದ ಸಾಲಿನಿಂದ ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದು ಹೇಗೆ?

"98**76" ಎಂದು ಕೊಟ್ಟರೆ ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ (scanf) 98 ಮಾತ್ರ ಓದುತ್ತದೆ, ಲೂಪ್‌ನಲ್ಲಿಟ್ಟರೆ ಪ್ರೋಗ್ರಾಂ ನಿಲ್ಲುವುದೇ ಇಲ್ಲ ಎಂದಿದ್ದೀರಿ. ಎರಡಕ್ಕೂ ಕಾರಣ ಒಂದೇ. ಪೂರ್ಣಾಂಕ ಓದಲು %ಡಿ (%d) ಹಾಕಿದಾಗ ಸ್ಕ್ಯಾನ್‌ಎಫ್ ಅಂಕಿಯಲ್ಲದ ಅಕ್ಷರ ಕಂಡಲ್ಲೇ ನಿಂತು ಅದನ್ನು ಇನ್‌ಪುಟ್‌ನಲ್ಲೇ ಬಿಡುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ನಕ್ಷತ್ರ ಚಿಹ್ನೆ ಮತ್ತೆ ಎದುರಾಗುತ್ತದೆ. ಏನನ್ನೂ ಓದಲಾಗದೆ 0 ಹಿಂತಿರುಗಿಸುತ್ತದೆ.

ಇಲ್ಲಿ ಸ್ಕ್ಯಾನ್‌ಎಫ್ ಬಿಟ್ಟುಬಿಡಿ. 'ಸಾಲು' ಎಂಬ 100 ಬೈಟ್‌ಗಳ ಕ್ಯಾರ್ (char) ಅರೇ ಒಂದಕ್ಕೆ ಎಫ್‌ಗೆಟ್ಸ್‌ (fgets)ನಿಂದ ಇಡೀ ಸಾಲನ್ನು ಓದಿ. ಅದು ಹೆಚ್ಚೆಂದರೆ 99 ಅಕ್ಷರ ತೆಗೆದುಕೊಂಡು ಕೊನೆಗೆ ಸ್ಟ್ರಿಂಗ್ ಮುಗಿಯಿತೆಂಬ ಗುರುತಾದ '\0' ಹಾಕುತ್ತದೆ. ಎಂಟರ್ ಒತ್ತಿದ ನ್ಯೂಲೈನ್ ಕೂಡ ಒಳಗೆ ಬರುತ್ತದೆ, ಆದರೆ ಸೋಸುವಾಗ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಸೋಸಲು ಇನ್ನೊಂದು ಅರೇ ಬೇಡ. ಓದಲು ಐ, ಬರೆಯಲು ಜೆ, ಎರಡೂ 0ಯಿಂದ ಶುರು. '\0' ಸಿಗುವವರೆಗೆ ಐ ಪ್ರತಿ ಸುತ್ತಿನಲ್ಲೂ ಮುಂದೆ ಹೋಗುತ್ತದೆ. ಸಾಲು[ಐ] ಅಂಕಿಯಾಗಿದ್ದರೆ ಮಾತ್ರ ಅದನ್ನು ಸಾಲು[ಜೆ]ಗೆ ಹಾಕಿ ಜೆಯನ್ನು ಒಂದು ಹೆಚ್ಚಿಸಿ. ಲೂಪ್ ಮುಗಿದ ಮೇಲೆ ಸಾಲು[ಜೆ] = '\0' ಎಂದು ಬರೆಯಲೇಬೇಕು. ಹೊಸಬರು ಹೆಚ್ಚಾಗಿ ಬಿಡುವುದು ಇದನ್ನೇ. ಬಿಟ್ಟರೆ ಹಳೆಯ ಬಾಲ ಉಳಿದು 9876 ಬದಲು 987676 ಪ್ರಿಂಟ್ ಆಗುತ್ತದೆ.

ಅಂಕಿಯೇ ಎಂದು ನೋಡಲು ಸಿಟೈಪ್ ಹೆಡರ್‌ನ ಈಸ್‌ಡಿಜಿಟ್ ಇದೆ. ಅದಕ್ಕೆ ಕೊಡುವ ಅಕ್ಷರವನ್ನು ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿಯೇ (ಆ ಟೈಪ್‌ಗೆ ಬದಲಿಸಿಯೇ) ಕೊಡಿ. ಯಾರಾದರೂ ಕನ್ನಡದ ೯ ಟೈಪ್ ಮಾಡಿದರೆ ಯುಟಿಎಫ್-8ರಲ್ಲಿ ಅದು 224, 179, 175 ಎಂಬ ಮೂರು ಬೈಟ್. ಕ್ಯಾರ್ ಸೈನ್ಡ್ (ಋಣ ಬೆಲೆಯನ್ನೂ ಹಿಡಿಯುವಂಥದ್ದು) ಆಗಿರುವ ಕಂಪೈಲರ್‌ನಲ್ಲಿ 224 ಎಂಬುದು -32 ಆಗುತ್ತದೆ. ಅಂಥ ಬೆಲೆ ಕೊಟ್ಟರೆ ಈಸ್‌ಡಿಜಿಟ್ ಏನು ಮಾಡುತ್ತದೆಂಬ ಖಾತರಿ ಇಲ್ಲ. ಕಾಸ್ಟ್ ಮಾಡಿದರೂ ೯ ಅಂಕಿಯೆಂದು ಎಣಿಕೆಯಾಗುವುದಿಲ್ಲ, 0ಯಿಂದ 9 ಮಾತ್ರ. '0'ಗಿಂತ ಕಡಿಮೆಯಲ್ಲ, '9'ಕ್ಕಿಂತ ಹೆಚ್ಚಲ್ಲ ಎಂದು ನೇರವಾಗಿ ಹೋಲಿಸಿದರೂ ಸರಿಯೇ. ಈ ಹತ್ತೂ ಸಾಲಾಗಿಯೇ ಇರುತ್ತವೆಂದು ಸಿ ಸ್ಟಾಂಡರ್ಡ್ ಹೇಳುತ್ತದೆ.

ಸೋಸಿದ್ದು ಮೊಬೈಲ್ ನಂಬರ್ ಆದರೆ ಸ್ಟ್ರಿಂಗ್ ಆಗಿಯೇ ಇಡಿ. 32 ಬಿಟ್‌ನ ಇಂಟ್ 2147483647ಕ್ಕೇ ಮುಗಿಯುತ್ತದೆ, 98ರಿಂದ ಶುರುವಾಗುವ ಹತ್ತಂಕಿ ಅದರಲ್ಲಿ ಹಿಡಿಯುವುದಿಲ್ಲ.

ಹಣದ ಮೊತ್ತಕ್ಕೆ ಮಾತ್ರ ಈ ವಿಧಾನ ಬಳಸಲೇಬೇಡಿ: 12.50 ಸದ್ದಿಲ್ಲದೆ 1250 ಆಗುತ್ತದೆ, -5 ಹೋಗಿ 5 ಆಗುತ್ತದೆ. ಅಲ್ಲಿ ತಪ್ಪು ಅಕ್ಷರ ಕಂಡರೆ ಸೋಸದೆ, ಮತ್ತೊಮ್ಮೆ ಟೈಪ್ ಮಾಡಿ ಎಂದು ಕೇಳಿ.