ಎಕ್ಸ್‌ವಿ6 ಕರ್ನಲ್‌ಗೆ ಫಂಕ್ಷನ್ ಟ್ರೇಸಿಂಗ್ ಸೇರಿಸೋದು ಹೇಗೆ?

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಎಂಐಟಿಯವರು ಕಲಿಸ್ಲಿಕ್ಕೆ ಮಾಡಿದ ಸಣ್ಣ ಆಪರೇಟಿಂಗ್ ಸಿಸ್ಟಂ ಎಕ್ಸ್‌ವಿ6 ತಗೊಂಡಿದ್ದೀರಿ, ರಿಸ್ಕ್-ಫೈವ್ ಪ್ರೊಸೆಸರ್‌ದು, ಲಿನಕ್ಸಿನ ಎಫ್‌ಟ್ರೇಸ್ ಹಾಗೆ ಯಾವ ಫಂಕ್ಷನ್ ಯಾವಾಗ ಓಡ್ತು ಅಂತ ನೋಡ್ಬೇಕು, ಎಲ್ಲ ಕಡೆ ಪ್ರಿಂಟ್‌ಎಫ್ ಹಾಕದೆ ಆಗ್ತದಾ ಅಂತ ಕೇಳಿದ್ದೀರಿ. ಆಗ್ತದೆ. ನಾನು ಮಂಗಳೂರಲ್ಲಿ ಎಂಬೆಡೆಡ್ ಕೆಲಸ ಮಾಡುವವ, ಕೊಟ್ಟಾರದ ನಮ್ಮ ಆಫೀಸಿಗೆ ಸುರತ್ಕಲ್, ನಿಟ್ಟೆ ಕಡೆಯಿಂದ ಬರುವ ಇಂಟರ್ನ್‌ಗಳಿಗೆ ಇದನ್ನೇ ಮಾಡ್ಲಿಕ್ಕೆ ಕೊಡೋದು.

ಕೋಡ್ ತುರುಕುವ ಕೆಲಸ ಕಂಪೈಲರ್‌ದು. ಜಿಸಿಸಿ 8ರಿಂದ ಪ್ಯಾಚಬಲ್ ಫಂಕ್ಷನ್ ಎಂಟ್ರಿ ಅಂತ ಆಪ್ಷನ್ ಉಂಟು, ಅದಕ್ಕೆ 2 ಅಂತ ಕೊಟ್ರೆ ಪ್ರತಿ ಫಂಕ್ಷನ್ ಶುರುವಿಗೆ ಎರಡು ನಾಪ್, ಅಂದ್ರೆ ಏನೂ ಮಾಡದ ಇನ್‌ಸ್ಟ್ರಕ್ಷನ್, ಬರ್ತದೆ, ಕಂಪ್ರೆಸ್ಡ್ ಇನ್‌ಸ್ಟ್ರಕ್ಷನ್ ಆದ್ರಿಂದ ಒಟ್ಟು 4 ಬೈಟ್, ಮತ್ತೆ ಆ ಜಾಗಗಳ ವಿಳಾಸ ಎಲ್ಲ ಒಂದು ಬೇರೆ ಸೆಕ್ಷನ್‌ನಲ್ಲಿ ಪಟ್ಟಿಯಾಗಿ ಸಿಗ್ತದೆ. ಈ ಪಟ್ಟಿ ಬಿಲ್ಡ್ ಟೈಮಲ್ಲೇ ಸಿಗೋದು ಸಣ್ಣ ವಿಷಯ ಅಲ್ಲ ಮಾರಾಯ್ರೆ. 2008ರಲ್ಲಿ ಲಿನಕ್ಸ್ 2.6.27 ತಯಾರಾಗುವಾಗ ಎಫ್‌ಟ್ರೇಸ್ ಓಡ್ತಾ ಓಡ್ತಾ ವಿಳಾಸ ಗುರುತು ಮಾಡಿಟ್ಟುಕೊಳ್ತಿತ್ತು, ಆಮೇಲೆ ಫ್ರೀ ಆದ ಇನಿಟ್ ಕೋಡಿನ (ಶುರುವಲ್ಲಿ ಒಮ್ಮೆ ಮಾತ್ರ ಓಡೋದು) ಜಾಗಕ್ಕೆ ಬರೀಲಿಕ್ಕೆ ಹೋಗಿ, ಅಲ್ಲಿ ಅಷ್ಟರಲ್ಲಿ ಇಂಟೆಲ್ ಇ1000ಇ ನೆಟ್‌ವರ್ಕ್ ಕಾರ್ಡಿನ ಫ್ಲ್ಯಾಶ್ ಮ್ಯಾಪ್ ಆಗಿ, ಕಾರ್ಡುಗಳೇ ಹಾಳಾದವು. ಆಮೇಲೆ ಬಿಲ್ಡ್ ಟೈಮ್ ಪಟ್ಟಿಗೆ ಬಂದ್ರು.

ಈ ಸೆಕ್ಷನ್ನನ್ನು ಮೆಮೊರಿಯಲ್ಲಿ ಯಾವುದು ಎಲ್ಲಿ ಅಂತ ಹೇಳುವ ಲಿಂಕರ್ ಸ್ಕ್ರಿಪ್ಟ್‌ನಲ್ಲಿ, ಲಿಂಕರ್ ಎಸೆಯದ ಹಾಗೆ ನೀವೇ ಕೀಪ್ ಹಾಕಿ ಎಂಡ್ ಅನ್ನೋ ಸಿಂಬಲ್‌ಗಿಂತ ಮೊದಲು ಇಡಿ, ಎಂಡ್ ದಾಟಿದ್ದನ್ನೆಲ್ಲ ಬೂಟ್ ಆಗುವಾಗ ಪೇಜ್ ಅಲೊಕೇಟರ್ ಖಾಲಿ ಜಾಗ ಅಂತ 1 ತುಂಬಿಸಿ ಬಿಡ್ತದೆ. ಮೇಕ್‌ಫೈಲ್‌ನ ಸಿಫ್ಲ್ಯಾಗ್ಸ್ (ಕಂಪೈಲರ್ ಆಪ್ಷನ್‌ಗಳು) ಯೂಸರ್ ಪ್ರೋಗ್ರಾಂಗಳಿಗೂ ಅದೇ, ಹಾಗಾಗಿ ಕರ್ನಲ್‌ಗೆ ಬೇರೆ ರೂಲ್ ಬರೀರಿ, ಅದ್ರಲ್ಲಿ ಫಂಕ್ಷನ್ ಅಲೈನ್‌ಮೆಂಟ್ 4 ಅಂತಲೂ ಹಾಕಿ.

ಇನ್ನು ಪ್ಯಾಚ್, ಅಂದ್ರೆ ನಾಪ್‌ಗಳನ್ನು ತೆಗೆದು ಅಲ್ಲಿ ನಮ್ಮದೇ ಒಂದು ಸಣ್ಣ ಸ್ಟಬ್ ಕೋಡಿಗೆ ಹಾರುವ ಇನ್‌ಸ್ಟ್ರಕ್ಷನ್ ಬರೆಯೋದು. ಜೆಎಎಲ್ ಇನ್‌ಸ್ಟ್ರಕ್ಷನ್ ಹಿಂದೆ ಮುಂದೆ 1 ಎಂಬಿ ತನಕ ಹಾರ್ತದೆ, ಎಕ್ಸ್‌ವಿ6 ಕೋಡ್ ಅಷ್ಟು ದೊಡ್ಡದೇ ಇಲ್ಲ, ಹಾಗಾಗಿ ನಾಪ್‌ಗಳ ಜಾಗದಲ್ಲಿ ಒಂದೇ ಜೆಎಎಲ್ ಸಾಕು. ವಾಪಸ್ ಬರುವ ವಿಳಾಸ ಇಡುವ ಲಿಂಕ್ ರಿಜಿಸ್ಟರ್ ಆಗಿ ಆರ್‌ಎ ಬೇಡ, ಟಿ0 ಬಳಸಿ, ಆರ್‌ಎ ಒಳಗೆ ಕರೆದವರ ವಿಳಾಸ ಹಾಗೇ ಉಳೀಬೇಕು. ಸ್ಟಬ್ ಅಸೆಂಬ್ಲಿಯಲ್ಲಿ ಎ0ದಿಂದ ಎ7 (ಆರ್ಗ್ಯುಮೆಂಟ್ ರಿಜಿಸ್ಟರ್‌ಗಳು), ಆರ್‌ಎ, ಟಿ0 ಸೇವ್ ಮಾಡಿ ಟ್ರೇಸರ್ ಅನ್ನೋ ಸಿ ಫಂಕ್ಷನ್ ಕರೆದು ವಾಪಸ್ ತುಂಬಿಸಿ ಟಿ0ಗೆ ಜಂಪ್ ಮಾಡ್ತದೆ.

ಪ್ಯಾಚ್ ಮಾಡೋ ಕೋಡನ್ನು ಮೇನ್‌ನಲ್ಲಿ ಪೇಜಿಂಗ್ ಆನ್ ಮಾಡುವ ಕೆವಿಎಂಇನಿಟ್‌ಹಾರ್ಟ್‌ಗಿಂತ ಮೊದಲೇ ಕರೀರಿ. ಪೇಜಿಂಗ್ ಆನ್ ಆದ ಮೇಲೆ ಕರ್ನಲ್ ಕೋಡ್ ಓದ್ಲಿಕ್ಕೆ, ಓಡಿಸ್ಲಿಕ್ಕೆ ಮಾತ್ರ, ಬರೀಲಿಕ್ಕೆ ಹೋದ್ರೆ ಎಸ್‌ಕಾಸ್ 15 (ಬರೆಯುವಾಗಿನ ಪೇಜ್ ಫಾಲ್ಟ್) ತೋರಿಸಿ ಕರ್ನಲ್‌ಟ್ರ್ಯಾಪ್ ಪ್ಯಾನಿಕ್. ಹೊಸದಾಗಿ ಬರೆದ ಕೋಡೇ ಓಡುವ ಹಾಗೆ ಮಾಡುವ ಫೆನ್ಸ್ ಡಾಟ್ ಐ ಮರೀಬೇಡಿ, ಅದು ಅದೇ ಹಾರ್ಟ್‌ಗೆ (ಪ್ರೊಸೆಸರ್ ಕೋರ್) ಮಾತ್ರ ತಾಗೋದು, ಉಳಿದ ಹಾರ್ಟ್‌ಗಳು ತಾವು ಕಾಯುವ ಸ್ಟಾರ್ಟೆಡ್ ಲೂಪಿಂದ ಹೊರಗೆ ಬಂದ ಕೂಡ್ಲೇ ಅವೂ ಒಂದೊಂದು ಮಾಡ್ಬೇಕು. ಓಡ್ತಿರುವಾಗ ಪ್ಯಾಚ್ ಮಾಡಿ ತೆಗೆಯೋ ಆಸೆ ಈಗ ಬೇಡ, ಒಂದು ಗ್ಲೋಬಲ್ ಫ್ಲ್ಯಾಗ್ ಇಟ್ಟು ಆನ್ ಆಫ್ ಮಾಡಿ, ಪ್ರಾಜೆಕ್ಟಿಗೆ ಅದು ಧಾರಾಳ ಸಾಕು.

ನಮ್ಮ ಇಂಟರ್ನ್‌ಗಳು ಇಷ್ಟನ್ನೂ ಬೇಗ ಮಾಡ್ತಾರೆ, ಸಿಕ್ಕಿ ಬೀಳೋದು ಮುಂದೆ. ಟ್ರೇಸರ್ ಒಳಗೆ ಲಾಕ್ ಹಿಡಿಯುವ ಅಕ್ವೈರ್ ಕರೆದ್ರೆ ಅಕ್ವೈರ್ ಕೂಡ ಟ್ರೇಸ್ ಆಗ್ತದೆ, ಅದು ಪುನಃ ಟ್ರೇಸರನ್ನು ಕರೀತದೆ, ಕರ್ನಲ್ ಸ್ಟ್ಯಾಕ್ ಇರೋದೇ 4096 ಬೈಟ್, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸ್ಟ್ಯಾಕ್ ತುದಿಯ ಗಾರ್ಡ್ ಪೇಜಿಗೆ ಬಡೀತದೆ. ಪ್ರಿಂಟ್‌ಎಫ್‌ಗೂ ಇದೇ ಕಥೆ. ಹಾಗಾಗಿ ಲಾಕ್ ಬೇಡ, ಹಾರ್ಟಿಗೊಂದು ರಿಂಗ್ ಬಫರ್ (ತುಂಬಿದ್ರೆ ಪುನಃ ಮೊದಲಿಂದ ಬರೆಯೋದು), ಬರೆಯೋ ಎರಡು ಮೂರು ಸಾಲಿಗೆ ಇಂಟರಪ್ಟ್ ಆಫ್, ಇಲ್ಲಾಂದ್ರೆ ಮಧ್ಯದಲ್ಲಿ ಟೈಮರ್ ಬಂದು ಯೀಲ್ಡ್ ಆಗಿ (ಸಿಪಿಯು ಬಿಟ್ಟುಕೊಟ್ಟು) ಆ ಪ್ರೋಸೆಸ್ ಬೇರೆ ಹಾರ್ಟಿಗೇ ಹೋಗಿರ್ತದೆ. ಟ್ರೇಸರ್ ಮತ್ತು ಅದು ಕರೆಯೋದಕ್ಕೆಲ್ಲ ಅದೇ ಪ್ಯಾಚಬಲ್ ಆಟ್ರಿಬ್ಯೂಟಲ್ಲಿ 0 ಹಾಕಿ. ಬೂಟ್‌ನ ಶುರುವಿಗೆ ಓಡುವ ಸ್ಟಾರ್ಟ್ ಡಾಟ್ ಸಿ ಪೂರ್ತಿ ಬಿಟ್ಟುಬಿಡಿ, ಎರಡನೇ ಹಾರ್ಟ್ ತಡವಾಗಿ ಅಲ್ಲಿಗೆ ಬಂದ್ರೆ ಕರ್ನಲ್‌ಗಿಂತಲೂ ಮೇಲಿನ ಅಧಿಕಾರದ ಮೆಷೀನ್ ಮೋಡಲ್ಲೇ ಟ್ರೇಸರ್ ಓಡ್ತದೆ, ಟಿಪಿ ರಿಜಿಸ್ಟರಲ್ಲಿ ಹಾರ್ಟ್ ನಂಬರ್ ಕೂಡ ಇನ್ನೂ ಬಂದಿರೋದಿಲ್ಲ. ಮೇನ್, ಸಿಪಿಯುಐಡಿ ಎರಡನ್ನೂ ಬಿಡಿ, ಪ್ಯಾಚ್ ನಡೀತಿರುವಾಗಲೇ ಉಳಿದ ಹಾರ್ಟ್‌ಗಳು ಅವುಗಳ ಒಳಗೆ ಬರ್ತವೆ. ನಂಬರ್ ಬೇಕಾದ್ರೆ ಟ್ರೇಸರಲ್ಲಿ ಟಿಪಿಯನ್ನೇ ನೇರ ಓದಿ.

ಯಾವುದಾದ್ರೂ ಫಂಕ್ಷನ್ ಕಾಣ್ತಾ ಇಲ್ಲಾಂದ್ರೆ ಹೆದರ್ಬೇಡಿ, ಇನ್‌ಲೈನ್ ಆಗಿರ್ತದೆ ಅಷ್ಟೆ, ಅಂದ್ರೆ ಅದನ್ನು ಕರೆಯುವ ಫಂಕ್ಷನ್ ಒಳಗೇ ಕಂಪೈಲರ್ ಸೇರಿಸಿರ್ತದೆ. ಎಷ್ಟು ಹೊತ್ತು ಓಡ್ತು ಅಂತಲೂ ಬೇಕಾದ್ರೆ ಆರ್‌ಎ ಬದಲಿಸಿ ರಿಟರ್ನ್ ಹಿಡೀಬೇಕು, ಹಳೇ ಆರ್‌ಎಗಳನ್ನು ಪ್ರೋಸೆಸ್ ಪ್ರಕಾರ ಇಡ್ಬೇಕು, ಹಾರ್ಟ್ ಪ್ರಕಾರ ಇಟ್ರೆ ಮೊದಲ ಸ್ವಿಚ್‌ಗೇ ಕಲಸುಮೇಲೋಗರ, ಎಕ್ಸಿಟ್ ಅಂತೂ ವಾಪಸ್ ಬರೋದೇ ಇಲ್ಲ. ಅದು ಎರಡನೇ ಸೆಮಿಸ್ಟರಿಗೆ ಇರ್ಲಿ.

ಬಫರ್ ನೋಡ್ಲಿಕ್ಕೆ ಹೊಸ ಸಿಸ್ಟಂ ಕಾಲ್ ಮೊದಲಿಗೆ ಬೇಡ, ಕನ್ಸೋಲ್ ಡಾಟ್ ಸಿಯಲ್ಲಿ ಕಂಟ್ರೋಲ್-ಪಿ ಒತ್ತಿದ್ರೆ ಪ್ರೋಸೆಸ್ ಪಟ್ಟಿ ಬರೋದು ಉಂಟಲ್ಲ, ಅಲ್ಲೇ ಪಕ್ಕದಲ್ಲಿ ಕಂಟ್ರೋಲ್-ಟಿಗೆ ಒಂದು ಕೇಸ್ ಸೇರಿಸಿ, ಫ್ಲ್ಯಾಗ್ ಆಫ್ ಮಾಡಿ ಬರೀ ವಿಳಾಸಗಳನ್ನು ಪ್ರಿಂಟ್ ಮಾಡಿ. ಬಿಲ್ಡ್ ಆಗುವಾಗ ಕರ್ನಲ್ ಡಾಟ್ ಸಿಮ್ ಅಂತ ಫೈಲ್ ಬರ್ತದಲ್ಲ, ಅದನ್ನಿಟ್ಟು ನಿಮ್ಮ ಲ್ಯಾಪ್‌ಟಾಪಲ್ಲಿ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದ್ರೆ ಹೆಸರು ಸಿಗ್ತದೆ.