ಇಳಕಲ್ ನೇಕಾರರ ಸಾಕ್ಷ್ಯಚಿತ್ರ ಫ್ರಾನ್ಸ್ ಟಿವಿಯಲ್ಲಿ ಬಂದಿದೆ, ನಿರ್ದೇಶಕನಿಗೆ ರಾಯಲ್ಟಿ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಫ್ರಾನ್ಸಿನಿಂದ. ಸ್ಕ್ರಿಪ್ಟ್, ನಿರ್ದೇಶನ ಎರಡೂ ನಿಮ್ಮದು, ಬೆಳಗಾವಿಯ ನಿರ್ಮಾಪಕರು ಮಾತ್ರ ‘ಹಕ್ಕೆಲ್ಲ ನಮ್ಮದೇ’ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಭಾರತದ ಮಟ್ಟಿಗೆ ಅವರ ಮಾತು ಮುಕ್ಕಾಲು ಸರಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಕರ್ತೃ ನಿರ್ಮಾಪಕನೇ. ಮುಖ್ಯ ನಿರ್ದೇಶಕನನ್ನೂ ಸೇರಿಸಬೇಕೆಂದು 2010ರ ಮಸೂದೆಯಲ್ಲಿತ್ತು, 2012ರಲ್ಲಿ ತಿದ್ದುಪಡಿ ಪಾಸಾಗುವ ಹೊತ್ತಿಗೆ ಕೈಬಿಟ್ಟರು. ಉಳಿದ ಕಾಲು ಪಾಲು ನಿಮ್ಮ ಸ್ಕ್ರಿಪ್ಟಿನದು. ಅದು ಸಾಹಿತ್ಯ ಕೃತಿ. ಚಿತ್ರಮಂದಿರ ಬಿಟ್ಟು ಬೇರೆಡೆ ಬಳಸಿದಾಗ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು, ನೀವು ಕರಾರಿಗೆ ಸಹಿ ಹಾಕಿದ್ದರೂ ಹೋಗುವುದಿಲ್ಲ. ಆ ಕರಾರನ್ನೇ ಇನ್ನೊಮ್ಮೆ ತೆಗೆದು ನೋಡ್ರಿ: ಸ್ಕ್ರಿಪ್ಟಿನ ವರ್ಗಾವಣೆಗೆ ಅವಧಿ ಬರೆದಿಲ್ಲದಿದ್ದರೆ 5 ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತವಷ್ಟೇ ಎಂದು 19ನೇ ಕಲಂ ಹೇಳುತ್ತದೆ.

ಫ್ರಾನ್ಸಿನಲ್ಲಿ ಲೆಕ್ಕವೇ ಬೇರೆ. ಚಿತ್ರದ ಹಕ್ಕು ಯಾರದೆಂಬುದನ್ನು, ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ 14ಬಿಸ್ ವಿಧಿ, ರಕ್ಷಣೆ ಕೇಳುವ ದೇಶದ ಕಾನೂನಿಗೇ ಬಿಟ್ಟಿದೆ. ಅಲ್ಲಿನ ಕಾನೂನಿಗೆ ನಿರ್ದೇಶಕ, ಚಿತ್ರಕಥೆಗಾರ ಇಬ್ಬರೂ ಸಹಕರ್ತೃಗಳು. ಅವರ ರಾಯಲ್ಟಿ ವಸೂಲು ಮಾಡಿ ಹಂಚುವುದು ಲೇಖಕರ ಸಂಘಗಳು: ಕಥಾಚಿತ್ರವಾದರೆ ಎಸ್‌ಎಸಿಡಿ, ನಿಮ್ಮಂಥ ಸಾಕ್ಷ್ಯಚಿತ್ರಕ್ಕೆ ಸ್ಕ್ಯಾಮ್ (Scam) ಎಂಬ ಸಂಘ. ಚಾನೆಲ್‌ಗಳು ಸಂಘಕ್ಕೆ ಒಟ್ಟು ಮೊತ್ತ ಕಟ್ಟುತ್ತವೆ, ಸಂಘ ಪ್ರಸಾರವಾದ ನಿಮಿಷಗಳನ್ನು ಎಣಿಸಿ ಹಂಚುತ್ತದೆ. ನಿರ್ಮಾಪಕರು ಚಾನೆಲ್‌ಗೆ ಚಿತ್ರ ಮಾರಿದ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಈ ಸಂಘದ ಸದಸ್ಯರಾಗಿ, ಆಮೇಲೆ ಅಲ್ಲಿ ಚಿತ್ರವನ್ನು ಘೋಷಿಸಿ: ಕನ್ನಡ ಶೀರ್ಷಿಕೆ, ಅಲ್ಲಿ ಪ್ರಸಾರವಾದ ಫ್ರೆಂಚ್ ಶೀರ್ಷಿಕೆ, ನಿಮಿಷ, ಪ್ರಸಾರದ ದಿನಾಂಕ, ಸಹಲೇಖಕರಿದ್ದರೆ ಅವರ ಶೇಕಡಾವಾರು ಪಾಲು. ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಟೈಟಲ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಮತ್ತು ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಸೇರಿ ಪೂರ್ತಿ ಉದ್ದ. ಸಂಘದ ಕಂಪ್ಯೂಟರಿಗೆ ಇವರು ಇಬ್ಬರು. ಎರಡೂ ರೂಪಗಳನ್ನು ಅರ್ಜಿಯಲ್ಲೇ ಬರೆಸಿ, ನಿಮ್ಮನ್ನು ಗುರುತಿಸಲು ಕೊಡುವ ಐಪಿಐ ಸಂಖ್ಯೆಯನ್ನು ಮುಂದಿನ ಎಲ್ಲ ಕಾಗದಗಳಲ್ಲೂ ಹಾಕಿ. ತಡಮಾಡಬೇಡಿ. ಇಂಥ ಸಂಘಗಳ ಬಗ್ಗೆ ಯುರೋಪಿಯನ್ ಒಕ್ಕೂಟ 2014ರಲ್ಲಿ ಹೊರಡಿಸಿದ ಕಾನೂನಿನ (ಡೈರೆಕ್ಟಿವ್) ಪ್ರಕಾರ, ಹಣ ವಸೂಲಾದ ಆರ್ಥಿಕ ವರ್ಷ ಮುಗಿದು 3 ವರ್ಷವಾದರೂ ಹಕ್ಕುದಾರ ಪತ್ತೆಯಾಗದಿದ್ದರೆ ಅದನ್ನು ‘ಹಂಚಲಾಗದ ಹಣ’ ಎಂದು ತೆಗೆದಿಡಬಹುದು.

ನಿರ್ಮಾಪಕರ ಜೊತೆ ಜಗಳ ಬೇಡ. ಯುರೋಪಿನ ಕೇಬಲ್ ಮರುಪ್ರಸಾರದಲ್ಲಿ ನಿರ್ಮಾಪಕರಿಗೂ ಪಾಲಿದೆ, ಅದನ್ನು ವಸೂಲು ಮಾಡುವುದು ಜಿನೀವಾದ ಅಗಿಕೋವಾ ಎಂಬ ಸಂಸ್ಥೆ. ಇದನ್ನು ಹೇಳಿದರೆ ಅವರೇ ಮೆತ್ತಗಾಗುತ್ತಾರೆ ಅಂತ ನನ್ನ ಅಂದಾಜು. ಆಗ ಕರಾರಿಗೆ ಒಂದು ಸಾಲು ಸೇರಿಸಲು ಕೇಳಿ: ‘ಲೇಖಕರ ಸಂಘಗಳ ಮೂಲಕ ಬರುವ ಸಂಭಾವನೆ ನಿರ್ದೇಶಕ-ಲೇಖಕರಿಗೇ ಸೇರುತ್ತದೆ.’

ಇನ್ನು ಬೇರೆ ದೇಶಗಳ ಲೆಕ್ಕ. ಬ್ರಿಟನ್ನಿನಲ್ಲಿ 1994ರ ಜುಲೈ 1ರಿಂದ ಈಚೆಗೆ ತಯಾರಾದ ಚಿತ್ರಗಳಿಗೆ ನಿರ್ಮಾಪಕ, ಮುಖ್ಯ ನಿರ್ದೇಶಕ ಜಂಟಿ ಕರ್ತೃಗಳು. ಜರ್ಮನಿಯಲ್ಲಿ ನಿರ್ದೇಶಕರಿಗೆ ವಿಜಿ ಬಿಲ್ಡ್-ಕುನ್ಸ್ಟ್, ಬರಹಗಾರರಿಗೆ ವಿಜಿ ವೋರ್ಟ್ ಎಂಬ ಸಂಘಗಳಿವೆ. ಅಮೆರಿಕದ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಅಲ್ಲಿ ನಿರ್ದೇಶಕರಿಗೆ ಹಣ ಬರುವುದು ಅವರ ಕಾರ್ಮಿಕ ಸಂಘ (ಗಿಲ್ಡ್) ನಿರ್ಮಾಪಕರ ಜೊತೆ ಮಾಡಿಕೊಂಡ ಒಪ್ಪಂದದಿಂದ, ನಿಮ್ಮ ಚಿತ್ರ ಅದರೊಳಗೆ ಬರುವುದಿಲ್ಲ.